ಹಸಿರು ಕಲೆಯಿಲ್ಲದ ಎರಡು ಹಾಳೆಗಳು

ಒಂಬತ್ತನೆಯ ತಾರೀಕು, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಅರವತ್ತು ದಾಟಿದ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲಿದ್ದ ಪೇದೆಯನ್ನು ಕೇಳಲಿಲ್ಲ, ಬೆಂಚಿನ ಮೇಲೆ ಕೂರಲಿಲ್ಲ. ನೇರವಾಗಿ ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತು, ನಾಲ್ಕಾಗಿ ಮಡಿಸಿದ್ದ ಕಾಗದವೊಂದನ್ನು ಬಿಚ್ಚಿ, ಅಂಗೈಯಿಂದ ತಿಕ್ಕಿ ಸಪಾಟು ಮಾಡಿ ಇಟ್ಟಳು.

“ಓದಮ್ಮಾ,” ಅಂದಳು. “ನಂಗೆ ಓದೋಕೆ ಬರಲ್ಲ ಅಂದ್ಕೊಂಡು ನನ್ನ ಕೈಗೇ ಕೊಟ್ಟು ಹೋದ. ನಾಲ್ಕನೇ ಕ್ಲಾಸು ಪಾಸಾಗಿದೀನಿ ನಾನು.”

ಇನ್ಸ್‌ಪೆಕ್ಟರ್ ಓದಿದರು. ಟೈಪ್ ಮಾಡಿದ ನಾಲ್ಕು ಸಾಲು. ‘ಕಣ್ಣಿನ ಚಿಕಿತ್ಸೆಯ ನಂತರ ನಲವತ್ತೆಂಟು ಗಂಟೆ ಬಿಸಿಲಿಗೂ ಜೋರು ಬೆಳಕಿಗೂ ಬರಬಾರದೆಂದು ವೈದ್ಯರು ತಿಳಿಸಿದ್ದರೂ ನಾನು ಸೂಚನೆ ಮೀರಿ ಬಿಸಿಲಿಗೆ ಹೋದ ಕಾರಣ ನನ್ನ ಬಲಗೈಗೆ ಗಾಯವಾಗಿರುತ್ತದೆ. ಇದಕ್ಕೆ ನಾನೇ ಹೊಣೆ. ವೈದ್ಯರಿಗೆ ಉಂಟಾದ ಮುಜುಗರಕ್ಕೆ ಕ್ಷಮೆ ಕೋರುತ್ತೇನೆ.’ ಕೆಳಗೆ ಸಹಿಗೆ ಚುಕ್ಕಿಗೆರೆ. ಸಹಿ ಇರಲಿಲ್ಲ.

“ಯಾರ ಸಹಿ ಬೇಕಿತ್ತು ಇದಕ್ಕೆ?”

“ನನ್ನ ಅಳಿಯಂದು. ಗಾರೆ ಮೇಸ್ತ್ರಿ.”

“ಯಾಕೆ ಹಾಕಿಲ್ಲ?”

“ಯಾವ ಕೈಲಿ ಹಾಕ್ತಾನಮ್ಮ? ಸಹಿ ಹಾಕೋ ಕೈನೇ ಸುಟ್ಟಿರೋದು. ಆ ಕಣ್ಣಾಸ್ಪತ್ರೆಯವನು ಎಡಗೈ ಹೆಬ್ಬೆಟ್ಟಾದ್ರೂ ಒತ್ತಿಸಿ ಅಂತ ಇಂಕಿನ ಡಬ್ಬಿ ಸಮೇತ ಬಂದಿದ್ದ. ಡಬ್ಬಿ ಎತ್ತಿ ಮೋರಿಗೆ ಎಸೆದೆ. ಅದೂ ಬರ್ಕೊಳ್ಳಿ, ಆಮೇಲೆ ನಾನು ಸುಳ್ಳು ಹೇಳಿದೆ ಅನ್ನಬಾರದು.”

ದಫೇದಾರ ಪಕ್ಕದ ಮೇಜಿನಿಂದ ತಲೆ ಎತ್ತಿದ. ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಅತ್ತೆಯ ಮೇಲೆ ಅಳಿಯನೂ ಅಳಿಯನ ಮೇಲೆ ಅತ್ತೆಯೂ ಕೊಟ್ಟ ದೂರುಗಳನ್ನು ಅವನು ಲೆಕ್ಕವಿಲ್ಲದಷ್ಟು ಬರೆದುಕೊಂಡಿದ್ದ. ಅಳಿಯನ ಪರವಾಗಿ ಅತ್ತೆ ಠಾಣೆ ಹತ್ತಿದ್ದು ಇದೇ ಮೊದಲು.

ವಿಷಯ ಇಷ್ಟು. ಮೇಸ್ತ್ರಿಗೆ ನಲವತ್ತೆರಡು ವರ್ಷ. ಎರಡು ವರ್ಷದಿಂದ ಬಲಗಣ್ಣಿನ ನಡುವೆ ಮಬ್ಬು. ನೆಟ್ಟಗಿರುವುದೆಲ್ಲ ಸೊಟ್ಟಗೆ ಕಾಣುತ್ತಿತ್ತು. ಮೂರನೆಯ ತಾರೀಕು ಖಾಸಗಿ ಕಣ್ಣಾಸ್ಪತ್ರೆಯೊಂದರಲ್ಲಿ ಕೈಯ ನರಕ್ಕೆ ಔಷಧಿ ಏರಿಸಿ, ಆಮೇಲೆ ಕಣ್ಣಿಗೆ ಲೇಸರ್ ಬಿಟ್ಟರು. ಸಂಜೆಗೆ ಕೈಯ ಊತ ಹೆಚ್ಚಿತು. ನಾಲ್ಕನೆಯ ತಾರೀಕು ಬೊಕ್ಕೆಗಳೆದ್ದವು. ಐದನೆಯ ತಾರೀಕು ಚರ್ಮ ಕಪ್ಪಾಗಿ, ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಸೇರಿಸಿದರು.

“ಬಿಸಿಲಿಗೆ ಹೋಗಿದ್ದನಾ?”

“ಹೋಗಿಲ್ಲ.”

“ನಿಮಗೆ ಹೇಗೆ ಗೊತ್ತು?”

“ಎರಡು ದಿನ ಬಾಗಿಲಲ್ಲಿ ನಾನೇ ಕೂತಿದ್ದೆ. ಕಿಟಕಿಗೆ ಎರಡು ಕಂಬಳಿ ಹೊಡೆದಿದ್ದೆ. ಕಕ್ಕಸಿಗೆ ಹೋಗೋವಾಗ್ಲೂ ತಲೆಯಿಂದ ಕಾಲಿನವರೆಗೆ ಹೊದಿಸಿ ಕರ್ಕೊಂಡು ಹೋಗಿದೀನಿ. ನೀವು ಕಳ್ಳರನ್ನ ಕೋರ್ಟಿಗೆ ಕರ್ಕೊಂಡು ಹೋಗ್ತೀರಲ್ಲ, ಹಾಗೆ.”

“ನಿಮ್ಮ ಮಗಳು ಏನಂತಾರೆ?”

ಅಷ್ಟು ಹೊತ್ತೂ ಕತ್ತರಿಯಂತೆ ಆಡುತ್ತಿದ್ದ ನಾಲಿಗೆ ಅಲ್ಲಿ ತಡವರಿಸಿತು. ಮಗಳಿಗೆ ಬಟ್ಟೆ ಕಾರ್ಖಾನೆಯಲ್ಲಿ ಹಗಲು ಪಾಳಿ; ಆ ಎರಡು ದಿನ ಮನೆಯಲ್ಲಿರಲಿಲ್ಲ. ಡಾಕ್ಟರು ಫೋನು ಮಾಡಿ ‘ನಿನ್ನ ಗಂಡ ಹೊರಗೆ ಓಡಾಡಿದಾನಮ್ಮ’ ಅಂದದ್ದನ್ನು ಅವಳು ನಂಬಿದ್ದಳು. ಅರ್ಧಕ್ಕೆ ನಿಂತ ಗೋಡೆ ನೋಡಲು ಹೋಗಿದ್ದಾನೆ, ಅವನಿಗೆ ಹೆಂಡತಿಗಿಂತ ಗೋಡೆ ಹೆಚ್ಚು ಎಂದು ಸಿಟ್ಟಾಗಿ, ನಾಲ್ಕು ದಿನದಿಂದ ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ.

“ಕೈ ಹೋಗೋದು ಹೋಗ್ತದೆ, ಇರೋದು ಇರ್ತದೆ,” ಅಂದಳು ಮುದುಕಿ. “ಅವನು ಬಿಸಿಲಿಗೆ ಹೋಗಿಲ್ಲ ಅಂತ ಒಂದು ಕಾಗದದಲ್ಲಿ ಸೀಲು ಹೊಡೆದು ಕೊಡಿ ನಂಗೆ. ಈಗ ಅವನೇ ಹೇಳ್ತಾನೆ, ಅತ್ತೆ, ನಾನು ನಿದ್ದೆಗಣ್ಣಲ್ಲಿ ಎದ್ದು ಹೋಗಿದ್ನೇನೋ ಅಂತ.”

ಮಧ್ಯಾಹ್ನ ಹನ್ನೆರಡು ಹದಿನೈದಕ್ಕೆ FIR ದಾಖಲಾಯಿತು. ದಫೇದಾರ ಪೆನ್ನಿನ ಕ್ಯಾಪು ಹಾಕುತ್ತ, “ಮೇಡಂ, ಗಾರೆ ಕೆಲಸದವನು ಎರಡು ದಿನ ಮನೇಲಿ ಕೂತಿರ್ತಾನಾ? ಡಾಕ್ಟರ ಮಾತೇ ನಿಜ ಇರಬಹುದು,” ಅಂದ.

“ಇರಬಹುದು,” ಅಂದರು ಇನ್ಸ್‌ಪೆಕ್ಟರ್. “ಆದರೆ ಬಿಸಿಲಿಗೆ ಹೋದವನ ಹತ್ತಿರ ಹೆಬ್ಬೆಟ್ಟು ಒತ್ತಿಸ್ಕೊಳ್ಳೋಕೆ ಇಂಕಿನ ಡಬ್ಬಿ ಹಿಡ್ಕೊಂಡು ಯಾರು ಓಡಾಡ್ತಾರೆ?”

ಮೂರು ಗಂಟೆಗೆ ಅವರಿಬ್ಬರೂ ವಾರ್ಡಿನಲ್ಲಿದ್ದರು. ಮನೆಯೊಳಗೆ ಇಲಿ ಸತ್ತು ಎಲ್ಲಿದೆಯೆಂದು ಗೊತ್ತಾಗದಾಗ ಬರುವಂಥ ವಾಸನೆ, ಅದರ ಮೇಲೆ ಫಿನೈಲು. ವಾರ್ಡಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣು. ಊಟದ ಡಬ್ಬಿ ಅರ್ಧ ತೆರೆದಿಟ್ಟು ಎದ್ದು ಬಂದಿದ್ದಳು.

ಬ್ಯಾಂಡೇಜು ಬಿಚ್ಚಿದಾಗ ದಫೇದಾರ ಕಿಟಕಿಯ ಕಡೆ ತಿರುಗಿದ. ಮೊಣಕೈಯ ಒಳಮಡಿಕೆಯಿಂದ ಮುಂಗೈಯ ನಡುವಿನವರೆಗೆ ಚರ್ಮ ಹಳೆಯ ಚಪ್ಪಲಿಯ ತೊಗಲಿನಂತೆ ಕರಿದಾಗಿ ಬಿರುಸಾಗಿತ್ತು. ಅಂಚಿನಲ್ಲಿ ಹಳದಿ ಕೀವು. ಬೆರಳುಗಳು ಏನನ್ನೋ ಹಿಡಿದುಕೊಂಡಂತೆ ಒಳಕ್ಕೆ ಮಡಚಿದ್ದವು. ಆ ಕಪ್ಪಿನ ನಟ್ಟನಡುವೆ ಮಾತ್ರ ಎರಡು ಪಟ್ಟಿಗಳು ಒಂದನ್ನೊಂದು ದಾಟಿದ ಆಕಾರದಲ್ಲಿ ಚರ್ಮ ಒಳ್ಳೆಯದಾಗಿಯೇ ಇತ್ತು, ರೋಮ ಸಮೇತ.

“ಇದೇನು?”

“ಸೂಜಿ ಅಲ್ಲಾಡದ ಹಾಗೆ ಅಂಟಿಸಿದ ಪ್ಲಾಸ್ಟರಿನ ಗುರುತು,” ಅಂದಳು ಡಾಕ್ಟರು. “ಅದರ ಕೆಳಗೆ ಬೆಳಕು ಬಿದ್ದಿಲ್ಲ. ಅಂದ್ರೆ ಪ್ಲಾಸ್ಟರು ಇನ್ನೂ ಇದ್ದಾಗಲೇ ಇದು ಸುಟ್ಟಿದ್ದು. ಪ್ಲಾಸ್ಟರು ತೆಗೆಯೋದು ಆಸ್ಪತ್ರೆಯಿಂದ ಮನೆಗೆ ಕಳಿಸೋಕೆ ಮುಂಚೆ.”

“ಬಿಸಿಲಲ್ಲ?”

“ಮುಖ ನೋಡಿ. ಕತ್ತು ನೋಡಿ. ಎಡಗೈ ನೋಡಿ. ಬಿಸಿಲು ಬಲಗೈಯನ್ನೇ ಹುಡುಕ್ಕೊಂಡು ಬರುತ್ತಾ?”

ಮೇಸ್ತ್ರಿ ಎದ್ದು ಕೂರಲು ಹೋದ. ಇನ್ಸ್‌ಪೆಕ್ಟರ್ ಮಲಗಿಸಿದರು. ಹೇಳಿಕೆಯನ್ನು ಅವನು ಚಾವಣಿ ನೋಡಿಕೊಂಡೇ ಕೊಟ್ಟ.

“ಗೋಡೆ ನೆಟ್ಟಗಿದೆಯಾ ಅಂತ ಮೇಲಿಂದ ಗುಂಡು ಕಟ್ಟಿ ದಾರ ಇಳಿಬಿಡ್ತೀವಲ್ಲ ಮೇಡಂ, ಆ ದಾರಕ್ಕೇ ಹೊಟ್ಟೆ ಬಂದ ಹಾಗೆ ಕಾಣ್ತಿತ್ತು. ದಾರಕ್ಕೆ ಹೊಟ್ಟೆ ಬಂದ್ರೆ ಮೇಸ್ತ್ರಿ ಸತ್ತ ಹಾಗೆ. ಬೆರಳಲ್ಲಿ ಮುಟ್ಟಿ ಮುಟ್ಟಿ ಕಟ್ತಿದ್ದೆ. ಅದಕ್ಕೇ ಹೋದೆ.”

“ಅವತ್ತು ಏನಾಯ್ತು?”

“ಕತ್ತಲೆ ಕೋಣೆ. ಔಷಧಿ ಹೋಗ್ತಾ ಕೈ ಉರಿಯೋಕೆ ಶುರುವಾಯ್ತು. ಊದ್ಕೊಳ್ತು. ಸಿಸ್ಟರ್ ನಿಲ್ಲಿಸಿ, ಇನ್ನೊಂದು ಕೈಗೆ ಚುಚ್ಚಿ ಮಿಕ್ಕಿದ್ದು ಏರಿಸಿದ್ರು. ಲೇಸರ್ ಆದ್ಮೇಲೆ ವಾಪಸ್ ಮಲಗಿಸಿ ಊದಿದ ಕೈಗೆ ದೀಪ ಇಟ್ರು.”

“ಎಂಥ ದೀಪ?”

“ಕೆಂಪಗೆ. ದೊಡ್ಡದು. ಮೊದಲು ಹಿತವಾಗಿ ಬಿಸಿ ಇತ್ತು. ಆಮೇಲೆ ಸುಡುಸುಣ್ಣದ ಗುಂಡಿಗೆ ಕೈ ಅದ್ದಿದ ಹಾಗೆ.”

“ಕೂಗ್ಲಿಲ್ವಾ?”

ಅವನು ಮೊದಲ ಬಾರಿ ಅವರ ಕಡೆ ನೋಡಿದ. “ಅದೂ ಚಿಕಿತ್ಸೆನೇ ಅಂದ್ಕೊಂಡೆ ಮೇಡಂ. ಅಷ್ಟು ದೊಡ್ಡ ಡಾಕ್ಟ್ರು. ನಾನು ಕೂಗಿದ್ರೆ ಚೆನ್ನಾಗಿರಲ್ಲ ಅಂತ ಟವಲ್ಲು ಕಚ್ಕೊಂಡಿದ್ದೆ.”

ಮರುದಿನ, ಹತ್ತನೆಯ ತಾರೀಕು, ಬೆಳಿಗ್ಗೆ ಒಂಬತ್ತೂವರೆಗೆ ಕಣ್ಣಾಸ್ಪತ್ರೆ. ಹೊರಗೆ ಗಾಜು, ಒಳಗೆ ಗಾಜು, ಗಾಜಿನ ಮೇಲೆ ಬೆರಳಿನ ಗುರುತೂ ಇಲ್ಲದಷ್ಟು ಚೊಕ್ಕಟ. ಕಣ್ಣಿನ ಡಾಕ್ಟರಿಗೆ ಐವತ್ತರ ಆಸುಪಾಸು. ಮೃದು ದನಿ, ಕೈ ಕೂಡ ಮೃದು. ಕುರ್ಚಿ ಎಳೆದು ಕೊಟ್ಟ, ನೀರು ತರಿಸಿದ, ಕಾಯಿಲೆ ಏನೆಂದು ಗೋಡೆಯ ಚಿತ್ರ ತೋರಿಸಿ ಬಿಡಿಸಿ ಹೇಳಿದ.

“ಕಣ್ಣಿನ ಹಿಂಭಾಗದ ಪೊರೆಯ ಕೆಳಗೆ ನೀರು ನಿಲ್ಲುತ್ತೆ ಮೇಡಂ. ಗೋಡೆ ತೇವ ಆದಾಗ ಬಣ್ಣ ಉಬ್ಬಿಕೊಳ್ಳಲ್ವಾ, ಹಾಗೆ. ವರ್ಷಗಟ್ಟಲೆ ಹಾಗೇ ಬಿಟ್ರೆ ದೃಷ್ಟಿ ಹೋಗುತ್ತೆ. ಬೆಳಕು ಬಿದ್ರೆ ಮಾತ್ರ ಕೆಲಸ ಮಾಡೋ ಔಷಧಿ ಇದೆ. ಅದನ್ನ ನರಕ್ಕೆ ಏರಿಸಿ, ಸೋರುವ ಜಾಗಕ್ಕೆ ಎಂಬತ್ಮೂರು ಸೆಕೆಂಡು ಲೇಸರ್ ಬಿಡ್ತೀವಿ. ನಾನು ಕೊಡೋದು ಅರ್ಧ ಡೋಸು. ಅರ್ಧ ಡೋಸು ಎಷ್ಟು ಸುರಕ್ಷಿತ ಅನ್ನೋದೇ ನನ್ನ ಅಧ್ಯಯನ. ತೊಂಬತ್ಮೂರು ರೋಗಿಗಳು. ಅಡ್ಡಪರಿಣಾಮ ಸೊನ್ನೆ.”

“ಮೇಸ್ತ್ರಿ?”

ಡಾಕ್ಟರು ನಿಟ್ಟುಸಿರಿಟ್ಟ. “ಕಪ್ಪು ಕನ್ನಡಕ, ಟೋಪಿ, ಕೈಗವಸು, ಎಲ್ಲಾ ಕೊಟ್ಟು ಕಳಿಸ್ತೀವಿ. ಆದರೆ ನಿಮ್ಗೇ ಗೊತ್ತಲ್ಲ ಮೇಡಂ, ಈ ಜನ ಹೇಳಿದ್ದು ಕೇಳ್ತಾರಾ? ಬಿಸಿಲಲ್ಲೇ ಹುಟ್ಟಿ ಬಿಸಿಲಲ್ಲೇ ಬೆಳೆದವರು.”

ಇನ್ಸ್‌ಪೆಕ್ಟರ್ ಅವನು ತರಿಸಿದ ನೀರನ್ನು ಮುಟ್ಟಲಿಲ್ಲ.

ಚಿಕಿತ್ಸೆಯ ಕೋಣೆಯ ಪಂಚನಾಮೆ ಹತ್ತು ಹತ್ತಕ್ಕೆ ಶುರುವಾಯಿತು. ಪಂಚರಾಗಿ ಎದುರಿನ ಔಷಧಿ ಅಂಗಡಿಯವನೂ ಪಕ್ಕದ ಕನ್ನಡಕದ ಅಂಗಡಿಯವನೂ ಬಂದರು. ಕಪ್ಪು ಪರದೆ ಇಳಿಬಿಟ್ಟ ಕಿಟಕಿ ಒಂದು. ಮಂಚ ಒಂದು. ಔಷಧಿ ಏರಿಸುವ ಪಂಪು ಒಂದು. ಲೇಸರ್ ಯಂತ್ರ ಒಂದು. ಮೂಲೆಯಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ್ದ, ಗಾಲಿಯ ಮೇಲಿನ ಕೆಂಪು ಬಲ್ಬಿನ ಕಾವು ದೀಪ ಒಂದು. ಅದರ ಕಾಲಿಗೆ ಮೇಲ್ಮಹಡಿಯ ಫಿಸಿಯೋಥೆರಪಿ ವಿಭಾಗದ ಚೀಟಿ.

“ಇದು ಇಲ್ಯಾಕೆ?”

“ಯಾರೋ ಇಟ್ಟಿರಬೇಕು,” ಅಂದ ಡಾಕ್ಟರು.

ಮೇಲ್ಮಹಡಿಯವರನ್ನು ಕೇಳಿದರೆ, “ಎರಡು ವರ್ಷದಿಂದ ವಾಪಸ್ ಕೊಡಿ ಅಂತ ಕೇಳಿ ಕೇಳಿ ಬಾಯಿ ನೋವು ಬಂತು,” ಅಂದರು.

ಆಮೇಲೆ ತೊಂಬತ್ಮೂರು ಫೈಲುಗಳು. ಒಂದೊಂದರಲ್ಲೂ ಔಷಧಿ ಏರಿಸುವಾಗ ಬರೆದ ಹಾಳೆ: ನಿಮಿಷಕ್ಕೊಮ್ಮೆ ನಾಡಿ, ಐದು ನಿಮಿಷಕ್ಕೊಮ್ಮೆ ರಕ್ತದೊತ್ತಡ, ಕೈ ಊದಿದೆಯೇ ಇಲ್ಲವೇ. ಇನ್ಸ್‌ಪೆಕ್ಟರ್ ತಾವೇ ಕೂತು ತಿರುವಿದರು. ಇಪ್ಪತ್ತು ಹಾಳೆ ದಾಟುವಷ್ಟರಲ್ಲಿ ಅವರ ಕಣ್ಣು ಅಕ್ಷರ ಬಿಟ್ಟು ಬೇರೆಯದನ್ನು ನೋಡತೊಡಗಿತ್ತು. ಎಲ್ಲ ಹಾಳೆಯಲ್ಲೂ ಕಡುಹಸಿರು ಕಲೆ. ಕೆಲವಲ್ಲಿ ಚುಕ್ಕಿ, ಕೆಲವಲ್ಲಿ ಪೂರ್ತಿ ಹೆಬ್ಬೆರಳು.

“ಸಿಸ್ಟರ್, ಈ ಹಸಿರು ಏನು?”

ಬಾಗಿಲ ಬಳಿ ನಿಂತಿದ್ದ ಸಿಸ್ಟರಿಗೆ ಪ್ರಶ್ನೆಯ ಹಿಂದೆ ಏನಿದೆಯೆಂದು ಹೊಳೆಯಲಿಲ್ಲ. “ಔಷಧೀನೇ ಮೇಡಂ. ಪುಡೀನ ನೀರಲ್ಲಿ ಕಲಸುವಾಗ ಗ್ಲೌಸಿಗೆ ಹತ್ತುತ್ತೆ. ಅದೇ ಕೈಲಿ ಬರೀಬೇಕು. ನಿಮಿಷಕ್ಕೊಂದು ಸಲ ನಾಡಿ ನೋಡ್ತಾ ಗ್ಲೌಸು ತೆಗೆದು ಹಾಕೋಕೆ ಪುರುಸೊತ್ತೆಲ್ಲಿ? ಎಷ್ಟು ಹುಷಾರಾಗಿದ್ರೂ ಹತ್ತೇ ಹತ್ತುತ್ತೆ.”

ಇನ್ಸ್‌ಪೆಕ್ಟರ್ ಎರಡು ಹಾಳೆಗಳನ್ನು ಬೇರೆ ತೆಗೆದಿಟ್ಟರು. ತೊಂಬತ್ಮೂರನೆಯ ನಂಬರು, ಮೇಸ್ತ್ರಿಯದು. ಎಪ್ಪತ್ತೊಂದನೆಯ ನಂಬರು, ಐದು ತಿಂಗಳ ಹಿಂದಿನ ಹದಿನೆಂಟನೆಯ ತಾರೀಕಿನದು. ಎರಡೂ ಆಗಷ್ಟೇ ಕಟ್ಟು ಬಿಚ್ಚಿ ತೆಗೆದಂತೆ ಬೆಳ್ಳಗಿದ್ದವು. ಎರಡರಲ್ಲೂ ‘ಊತ ಇಲ್ಲ’ ಎಂದು ದುಂಡಗೆ ಬರೆದಿತ್ತು.

ದಫೇದಾರ ಬಗ್ಗಿ ನೋಡಿ ದನಿ ತಗ್ಗಿಸಿದ. “ಮಿಕ್ಕ ತೊಂಬತ್ತೊಂದು ಸಲ ಹತ್ತಿದ್ದು ಈ ಎರಡೇ ಸಲ ಹತ್ತಲಿಲ್ವಂತಾ?”

“ಎಪ್ಪತ್ತೊಂದರ ವಿಳಾಸ ಬರ್ಕೊಳ್ಳಿ.”

ಎಪ್ಪತ್ತೊಂದನೆಯ ನಂಬರಿನವಳು ಬಸ್ಸಿನ ಕಂಡಕ್ಟರು. ನಲವತ್ತಾರು ವರ್ಷ. ಹನ್ನೊಂದನೆಯ ತಾರೀಕು ಮಧ್ಯಾಹ್ನ ಎರಡಕ್ಕೆ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಸಿಕ್ಕಳು. ಪೊಲೀಸರನ್ನು ಕಂಡು, “ಟಿಕೇಟ್ ಇಲ್ದೆ ಹತ್ತಿದ್ರಾ?” ಎಂದು ನಕ್ಕಳು. ಕಣ್ಣಾಸ್ಪತ್ರೆಯ ಹೆಸರೆತ್ತಿದ ಕೂಡಲೇ ಸಮವಸ್ತ್ರದ ಉದ್ದ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

“ತಪ್ಪು ನಂದೇ ಮೇಡಂ. ಡಾಕ್ಟ್ರದ್ದಲ್ಲ.”

“ಏನು ತಪ್ಪು?”

“ಬಿಸಿಲಿಗೆ ಹೋದೆ.”

“ಎಷ್ಟು ಹೊತ್ತು?”

ಅವಳು ಯೋಚಿಸಿದಳು. “ಆಸ್ಪತ್ರೆ ಬಾಗಿಲಿಂದ ಆಟೋವರೆಗೆ. ಹತ್ತು ಹೆಜ್ಜೆ. ಟೋಪಿ ಹಾಕಿದ್ದೆ, ಕೈಗವಸೂ ಇತ್ತು. ಆದ್ರೂ ಅಷ್ಟೇ ಸಾಕಾಗುತ್ತಂತೆ.”

“ತೋಳು ಮೇಲೆತ್ತಿ.”

ಎಡ ಮೊಣಕೈಯ ಒಳಗೆ ಅಂಗೈಯಷ್ಟಗಲ ಗಂಟುಗಂಟಾದ ಚರ್ಮ, ಬೇಯಿಸಿ ಆರಿಸಿದ ರಬ್ಬರಿನಂತೆ. ನಡುವೆ ಎರಡು ಪಟ್ಟಿಗಳು ಒಂದನ್ನೊಂದು ದಾಟಿದ ಆಕಾರದಲ್ಲಿ ನುಣುಪು. ದಫೇದಾರ ಈ ಸಲ ಮುಖ ತಿರುಗಿಸಲಿಲ್ಲ. ಹಲ್ಲು ಕಡಿದ.

“ಕೆಂಪು ದೀಪ ಇಟ್ಟಿದ್ರಾ?”

“ಇಟ್ಟಿದ್ರು. ನಿಮಗೆ ಹೇಗೆ ಗೊತ್ತು?” ಅವಳು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. “ಡಾಕ್ಟ್ರು ಬಹಳ ಒಳ್ಳೆಯವರು ಮೇಡಂ. ನನ್ನಿಂದ ಅವರ ಅಧ್ಯಯನಕ್ಕೆ ತೊಂದ್ರೆ ಆಯ್ತು ಅಂದ್ರು, ಬೈಲಿಲ್ಲ. ಒಂದು ಕ್ಷಮಾಪಣೆ ಬರೆದುಕೊಡಿ ಸಾಕು ಅಂದ್ರು. ಬರೆದುಕೊಟ್ಟೆ. ಅವರೇ ಹೇಳ್ತಾ ಹೋದ್ರು, ನಾನು ಬರೀತಾ ಹೋದೆ.”

“ಆಮೇಲೆ?”

“ಆಮೇಲೆ ಡಿಪೋದವರೆಲ್ಲ ಒಂದೊಂದು ರೂಪಾಯಿ ಹಾಕಿ ಅವರಿಗೆ ಹೂವಿನ ಗುಚ್ಛ ಕಳಿಸಿದ್ವಿ.”

ಜೀಪಿನಲ್ಲಿ ಕೂತ ಮೇಲೆ ಇನ್ಸ್‌ಪೆಕ್ಟರ್ ಹೂವಿನ ಗುಚ್ಛದ ಮಾತನ್ನೂ ಬರೆದುಕೊಂಡರು. ಕಳ್ಳರು, ಕುಡುಕರು, ಹೆಂಡತಿಯ ಮೂಗು ಕೊಯ್ದವರು ಅವರ ಕೈಯಿಂದ ಹಾದುಹೋಗಿದ್ದರು. ಸುಟ್ಟವನಿಗೆ ಸುಡಿಸಿಕೊಂಡವಳು ಕ್ಷಮೆ ಕೇಳಿ ಹೂವು ಕಳಿಸಿದ್ದು, ಅವನು ಅದನ್ನು ತೆಗೆದುಕೊಂಡಿದ್ದು, ಅವರು ಇದುವರೆಗೆ ಕಂಡಿರಲಿಲ್ಲ.

ಹನ್ನೆರಡನೆಯ ತಾರೀಕು ಬೆಳಿಗ್ಗೆ ಹನ್ನೊಂದಕ್ಕೆ ಸಿಸ್ಟರನ್ನು ಠಾಣೆಗೆ ಕರೆಸಿದರು. ಇಪ್ಪತ್ತೆರಡು ವರ್ಷದ ಅನುಭವ, ಇಸ್ತ್ರಿ ಮಾಡಿದ ಬಿಳಿ ಸೀರೆ, ಮಡಿಲಲ್ಲಿ ಚೀಲ. ಇನ್ಸ್‌ಪೆಕ್ಟರ್ ಎರಡು ಹಾಳೆ ಮುಂದಿಟ್ಟರು.

“ಇವನ್ನ ಎಲ್ಲಿ ಕೂತು ಬರೆದಿರಿ?”

“ಚಿಕಿತ್ಸೆ ಕೋಣೇಲಿ.”

“ಮಿಕ್ಕ ತೊಂಬತ್ತೊಂದು ಹಾಳೇಲಿ ಹಸಿರು ಇದೆ. ಎಷ್ಟು ಹುಷಾರಾಗಿದ್ರೂ ಹತ್ತುತ್ತೆ ಅಂದ್ರಿ. ಇವಕ್ಕೆ ಯಾಕೆ ಹತ್ತಲಿಲ್ಲ?”

ಸಿಸ್ಟರ್ ಹಾಳೆ ನೋಡಿದಳು. ಚೀಲದ ಜಿಪ್ಪನ್ನು ಆ ತುದಿಯಿಂದ ಈ ತುದಿಗೆ ಎಳೆದಳು.

“ಡಾಕ್ಟರ ಟೇಬಲ್ಲಲ್ಲಿ,” ಅಂದಳು ಕೊನೆಗೆ. “ಮೊದಲಿನದನ್ನ ಅವರು ಹರಿದು ಹಾಕಿದ್ರು. ಹೊಸದನ್ನ ಅವರು ಹೇಳಿದ ಹಾಗೆ ಬರೆದೆ.”

“ದೀಪ ಇಟ್ಟಿದ್ದು ಯಾರು?”

“ನಾನೇ. ಡ್ರಿಪ್ ಹಾಕಿದ ಕೈ ಊದಿದ್ರೆ ಹತ್ತು ನಿಮಿಷ ಕಾವು ದೀಪ ಇಡೋದು ನನ್ನ ಹಳೆ ಅಭ್ಯಾಸ. ಈ ಔಷಧಿಗೆ ಬೆಳಕು ಆಗಲ್ಲ ಅಂತ ಗೊತ್ತಿತ್ತು ಮೇಡಂ, ಅದಕ್ಕೇ ಟ್ಯೂಬ್‌ಲೈಟ್ ಆರಿಸಿದ್ದೆ, ಪರದೆ ಎಳೆದಿದ್ದೆ. ಕೆಂಪು ಬೆಳಕು ಮಂದ, ಅದು ಬೆಳಕಿನ ಲೆಕ್ಕಕ್ಕೆ ಬರಲ್ಲ ಅಂದ್ಕೊಂಡೆ.”

“ಕಂಡಕ್ಟರ ಕೈ ಹಾಗಾದ ಮೇಲೂ ಮೇಸ್ತ್ರಿಗೆ ಇಟ್ರಿ.”

“ಕೇಳಿದ್ದೆ!” ಸಿಸ್ಟರ ದನಿ ಒಮ್ಮೆಗೇ ಏರಿತು, ಹೊರಗಿನ ಬೆಂಚಿನವರು ತಿರುಗಿ ನೋಡಿದರು. “ಅವಳು ಬೊಕ್ಕೆ ತೋರಿಸೋಕೆ ಬಂದ ದಿನಾನೇ ಕೇಳಿದೆ. ಸಾರ್, ನಾನು ದೀಪ ಇಟ್ಟಿದ್ದಕ್ಕೇನಾದ್ರೂ ಹೀಗಾಯ್ತಾ ಅಂತ. ಎರಡು ದಿನ ಬಿಟ್ಟು ಕರೆದು ಹೇಳಿದ್ರು. ದೀಪಕ್ಕೂ ಇದಕ್ಕೂ ಸಂಬಂಧ ಇಲ್ಲ ಸಿಸ್ಟರ್, ಅವಳು ಬಿಸಿಲಿಗೆ ಹೋಗಿದಾಳೆ, ನೀವು ಎಂದಿನ ಹಾಗೆ ಕೆಲಸ ಮಾಡಿ ಅಂತ. ಅಷ್ಟು ಸಮಾಧಾನ ಆಯ್ತು ನಂಗೆ ಅವತ್ತು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.”

“ಯಾವತ್ತು ಹೇಳಿದ್ದು?”

“ಇಪ್ಪತ್ತೆರಡನೇ ತಾರೀಕು. ನನ್ನ ವಾರದ ರಜೆಯ ಮಾರನೇ ದಿನ.”

ಅದೇ ದಿನ ಸಂಜೆ ಐದಕ್ಕೆ ಡಾಕ್ಟರ ಕೋಣೆಯ ಶೋಧ. ಅದೇ ಇಬ್ಬರು ಪಂಚರು. ಮೇಜಿನ ಎರಡನೆಯ ಖಾನೆಯಲ್ಲಿ ‘ರೋಗಿಗಳ ಸಹಕಾರ’ ಎಂದು ಚೀಟಿ ಅಂಟಿಸಿದ ಫೈಲು; ಅದರಲ್ಲಿ ಕಂಡಕ್ಟರಳ ಕ್ಷಮಾಪಣೆ, ಮೇಸ್ತ್ರಿಯದಕ್ಕೆ ಕಾದಿರಿಸಿದ ಖಾಲಿ ಪ್ಲಾಸ್ಟಿಕ್ ಹೊದಿಕೆ. ಮೂರನೆಯ ಖಾನೆಯಲ್ಲಿ, ಔಷಧಿ ತಯಾರಕರು ಕೊಡುವ ಸೂಚನಾಪತ್ರದ ಒಂದು ಪುಟ, ಕಂಪ್ಯೂಟರಿನಿಂದ ಮುದ್ರಿಸಿದ್ದು. ಔಷಧಿ ನರದಿಂದ ಸೋರಿದರೆ ಏನು ಮಾಡಬೇಕು ಎಂಬ ಭಾಗದಲ್ಲಿ ಒಂದು ವಾಕ್ಯದ ಕೆಳಗೆ ಪೆನ್ಸಿಲಿನ ಗೆರೆ: ತಣ್ಣನೆಯ ಪಟ್ಟಿ ಇಡಬೇಕು, ಊತವೂ ಬಣ್ಣವೂ ಹೋಗುವವರೆಗೆ ಆ ಜಾಗದ ಮೇಲೆ ಜೋರು ಬೆಳಕು ಬೀಳಬಾರದು. ಪುಟದ ಅಡಿಯಲ್ಲಿ ಮುದ್ರಿಸಿದ ದಿನ, ವೇಳೆ. ಐದು ತಿಂಗಳ ಹಿಂದಿನ ಇಪ್ಪತ್ತೊಂದನೆಯ ತಾರೀಕು, ಸಂಜೆ ಏಳು ನಲವತ್ತೆರಡು.

“ಅಂದ್ರೆ ಇಪ್ಪತ್ತೊಂದಕ್ಕೆ ಓದಿ ತಿಳ್ಕೊಂಡ,” ಅಂದ ದಫೇದಾರ, ಬೆರಳು ಮಡಿಸುತ್ತ. “ಇಪ್ಪತ್ತೆರಡಕ್ಕೆ ಸಿಸ್ಟರ್‌ಗೆ ದೀಪ ಇಡಮ್ಮ ಪರವಾಗಿಲ್ಲ ಅಂದ. ಥೂ.”

ಪಂಚರ ಮುಂದೆ ಹಾಗೆ ಅನ್ನಬಾರದಿತ್ತು. ಇನ್ಸ್‌ಪೆಕ್ಟರ್ ಗದರಲಿಲ್ಲ.

ಕಂಪ್ಯೂಟರನ್ನು ವಶಕ್ಕೆ ಪಡೆದು ಪರೀಕ್ಷೆಗೆ ಕಳಿಸಿದರು. ವೈದ್ಯರ ಮೇಲಿನ ಪ್ರಕರಣವಾದ್ದರಿಂದ ಬೇರೆ ಊರಿನ ಮೂವರು ತಜ್ಞರ ಸಮಿತಿಗೆ ಎಲ್ಲ ಕಾಗದ ಹೋಯಿತು. ನಡುವಿನ ದಿನಗಳಲ್ಲಿ ಎರಡು ಫೋನು ಬಂದವು, ದೊಡ್ಡವರಿಂದ, ‘ಅಂಥ ಒಳ್ಳೆ ಮನುಷ್ಯನ್ನ’ ಎಂದು ಶುರುವಾಗುವಂಥವು. ಇನ್ಸ್‌ಪೆಕ್ಟರ್ ಎರಡನ್ನೂ ವೇಳೆ ಸಮೇತ ಠಾಣಾ ಡೈರಿಯಲ್ಲಿ ಬರೆಸಿದರು. ಮೂರನೆಯದು ಬರಲಿಲ್ಲ.

ಇಪ್ಪತ್ನಾಲ್ಕನೆಯ ತಾರೀಕು ಸಮಿತಿಯ ವರದಿ ಬಂತು. ಔಷಧಿ ಎಚ್ಚರಗೊಳ್ಳುವುದೇ ಕೆಂಪು ಬೆಳಕಿಗೆ. ಕಣ್ಣಿಗೆ ಬಿಡುವ ಲೇಸರೂ ಕೆಂಪೇ. ಸೋರಿ ನಿಂತ ಔಷಧಿಯ ಮೇಲೆ ಕೆಂಪು ದೀಪವಿಟ್ಟದ್ದು, ಕಣ್ಣಿನೊಳಗೆ ಕೂದಲೆಳೆಯ ಅಳತೆಯಲ್ಲಿ ಮಾಡುವುದನ್ನು ತೋಳಿನ ತುಂಬ ಮಾಡಿದಂತೆ. ಕೊನೆಯಲ್ಲಿ ಕೇಳದೇ ಇದ್ದ ಒಂದು ಮಾತನ್ನೂ ತಜ್ಞರು ಸೇರಿಸಿದ್ದರು: ಈ ಕಾಯಿಲೆಗೆ ಅರ್ಧ ಡೋಸಿನ ಚಿಕಿತ್ಸೆ ಒಳ್ಳೆಯ ಚಿಕಿತ್ಸೆಯೇ. ಮೊದಲ ಘಟನೆಯನ್ನು ತಿಳಿಸಿದ್ದರೆ ಬದಲಾಗಬೇಕಿದ್ದದ್ದು ಒಂದೇ, ದೀಪವನ್ನು ಕೋಣೆಯಿಂದ ಹೊರಗಿಡುವುದು.

ಇಪ್ಪತ್ತೈದನೆಯ ತಾರೀಕು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಆರೋಪಿಯನ್ನು ಅವನ ಕೋಣೆಯಲ್ಲಿಯೇ ಬಂಧಿಸಲಾಯಿತು. ಮಗುವೊಂದರ ಕಣ್ಣು ನೋಡುತ್ತಿದ್ದ. ನೋಡಿ ಮುಗಿಸಲು ಬಿಟ್ಟರು. ಸಾಕ್ಷ್ಯನಾಶ, ಸುಳ್ಳು ದಾಖಲೆ, ಗೊತ್ತಿದ್ದೂ ತೀವ್ರ ಗಾಯಕ್ಕೆ ಕಾರಣನಾದದ್ದು. ಹಾಳೆ ತಿದ್ದಲು ಕೈ ಜೋಡಿಸಿದ್ದಕ್ಕೆ ಸಿಸ್ಟರ್ ಎರಡನೆಯ ಆರೋಪಿ. ಅವಳು ತಾನಾಗಿಯೇ ಬಂದು ಬೆಂಚಿನ ಮೇಲೆ ಕೂತಿದ್ದಳು.

ಠಾಣೆಯಲ್ಲಿ ವಕೀಲರು ಬರುವ ಮೊದಲು ಡಾಕ್ಟರು ಮಾತಾಡಿದ. ಸುಮ್ಮನಿರಬಹುದು ಎಂದು ಇನ್ಸ್‌ಪೆಕ್ಟರ್ ಎರಡು ಸಲ ಹೇಳಿದರು. ಅವನಿಗೆ ಹೇಳಬೇಕಿತ್ತು.

“ಎಂಬತ್ತರಲ್ಲಿ ಒಂದು ಅಂತ ಬರೆದಿದ್ರೂ ಯಾರೂ ಏನೂ ಅಂತಿರಲಿಲ್ಲ ಮೇಡಂ. ಅದು ತುಂಬಾ ಒಳ್ಳೆ ಫಲಿತಾಂಶ.”

“ಹಾಗಿದ್ರೆ ಬರೀಬೇಕಿತ್ತು.”

“ಸೊನ್ನೆ ಅಂತ ಆಗಲೇ ಕಳಿಸಿಬಿಟ್ಟಿದ್ದೆ.”

ಕಂಪ್ಯೂಟರಿನ ವರದಿ ಇನ್ಸ್‌ಪೆಕ್ಟರ್ ಮುಂದಿತ್ತು. ವೈದ್ಯರ ಸಮ್ಮೇಳನಕ್ಕೆ ಅವನು ಪ್ರಬಂಧದ ಸಾರಾಂಶ ಕಳಿಸಿದ್ದು ಹದಿನೈದನೆಯ ತಾರೀಕು, ಕಂಡಕ್ಟರಳ ಚಿಕಿತ್ಸೆಗೆ ಮೂರು ದಿನ ಮೊದಲು. ಎಂಬತ್ತು ರೋಗಿಗಳಿಗಿಂತ ಕಡಿಮೆ ಇದ್ದರೆ ತೆಗೆದುಕೊಳ್ಳುವುದಿಲ್ಲವೆಂಬುದು ಸಮ್ಮೇಳನದವರ ನಿಯಮ. ಅಂದಿಗೆ ಆಗಿದ್ದದ್ದು ಎಪ್ಪತ್ತು. ಮುಂದೆ ಬರಲಿದ್ದ ಹತ್ತು ಜನರನ್ನು, ಇನ್ನೂ ಮನೆಯಲ್ಲಿ ಕೂತಿದ್ದವರನ್ನು, ಸೇರಿಸಿಕೊಂಡು, ಎಂಬತ್ತು ಜನರಿಗೆ ಚಿಕಿತ್ಸೆ ಆಯಿತು, ಯಾರಿಗೂ ಏನೂ ತೊಂದರೆಯಾಗಲಿಲ್ಲ ಎಂದು ಅವನು ಬರೆದಿದ್ದ. ಆ ಹತ್ತರಲ್ಲಿ ಮೊದಲು ಬಂದವಳೇ ಕಂಡಕ್ಟರು.

“ತಿದ್ದುಪಡಿಗೆ ಆ ತಿಂಗಳ ಮೂವತ್ತರವರೆಗೆ ಅವಕಾಶ ಇತ್ತು,” ಅಂದರು ಇನ್ಸ್‌ಪೆಕ್ಟರ್.

“ಇತ್ತು. ಆದರೆ ಕಾರಣ ಬರೀಬೇಕಿತ್ತು.”

“ಎಷ್ಟು ಉದ್ದ?”

“ಎರಡು ಸಾಲು.”

ದಫೇದಾರ ಅದನ್ನೂ ಬರೆದುಕೊಂಡ.

“ಸರಿ, ಅವರಿಗೆ ಬರೀಬೇಡಿ. ಆ ದೀಪನಾದ್ರೂ ಸದ್ದಿಲ್ದೆ ಮೇಲ್ಮಹಡಿಗೆ ಕಳಿಸಬಹುದಿತ್ತಲ್ಲ?”

ಡಾಕ್ಟರು ಅವರನ್ನು ನೋಡಿದ ರೀತಿಯಲ್ಲಿ, ಇಷ್ಟು ಸರಳ ವಿಷಯ ಇವರಿಗೆ ಹೊಳೆಯುತ್ತಿಲ್ಲವಲ್ಲ ಎಂಬ ಬೇಸರವಿತ್ತು.

“ಕಳಿಸಿದ್ರೆ ಯಾಕೆ ಅಂತ ಸಿಸ್ಟರ್ ಕೇಳ್ತಿದ್ಲು.”

ಇನ್ಸ್‌ಪೆಕ್ಟರ್ ಎದ್ದು ಹೊರಗೆ ಹೋದರು. ಅಂಗಳದ ನಲ್ಲಿಯ ಬಳಿ ನಿಂತು ಬಾಯಿ ಮುಕ್ಕಳಿಸಿ ಉಗಿದರು. ವಾಪಸ್ ಬಂದು ಹೇಳಿಕೆಗೆ ಸಹಿ ಹಾಕಿಸಿಕೊಂಡರು.

ಮುದುಕಿ ಕೇಳಿದ್ದ ಕಾಗದವನ್ನು ಕೊಡಲು ಠಾಣೆಗೆ ಅಧಿಕಾರವಿರಲಿಲ್ಲ. ತಜ್ಞರ ವರದಿಯ ಮೂರನೆಯ ಪುಟದ ನಕಲನ್ನು ಅರ್ಜಿ ಬರೆಸಿಕೊಂಡು ಕೊಟ್ಟರು. ‘ಗಾಯವು ಆಸ್ಪತ್ರೆಯೊಳಗೇ ಆದದ್ದು’ ಎಂಬ ಸಾಲಿನ ಕೆಳಗೆ ದಫೇದಾರ ತಾನೇ ಕೆಂಪು ಪೆನ್ನಿನಿಂದ ಗೆರೆ ಎಳೆದ. ಅವಳು ಅದನ್ನು ಅಲ್ಲಿಯೇ ನಿಂತು ಎರಡು ಸಲ ಗಟ್ಟಿಯಾಗಿ ಓದಿ, ಕಾರ್ಖಾನೆಯ ಗೇಟಿಗೆ ಹೋದಳು. ಮಗಳು ಪಾಳಿ ಬಿಟ್ಟು ಬರುವುದನ್ನು ಕಾಯಲಿಲ್ಲ. ಕಾವಲುಗಾರನ ಜೊತೆ ಜಗಳವಾಡಿ ಒಳಗಿನಿಂದ ಕರೆಸಿದಳು.

ದೋಷಾರೋಪ ಪಟ್ಟಿಗೆ ಗಾಯಾಳುವಿನ ಕೊನೆಯ ಹೇಳಿಕೆ ಪಡೆಯಲು ಇನ್ಸ್‌ಪೆಕ್ಟರ್ ಮುಂದಿನ ತಿಂಗಳು ವಾರ್ಡಿಗೆ ಹೋದಾಗ ಹೆಂಡತಿ ಮಂಚದ ಪಕ್ಕದಲ್ಲಿ ಕೂತು ಗಂಡನ ಎಡಗೈಗೆ ಪೆನ್ನು ಹಿಡಿಯುವುದನ್ನು ಕಲಿಸುತ್ತಿದ್ದಳು. ತೊಡೆಯ ಚರ್ಮ ತೆಗೆದು ತೋಳಿಗೆ ಹೊಲಿದಿದ್ದರು. ಕೈ ಉಳಿದಿತ್ತು. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಬಿಚ್ಚುತ್ತಿದ್ದವು. ಗಾರೆ ಬಳಿಯುವ ಕರಣೆ ಹಿಡಿಯಲು ಅಷ್ಟು ಸಾಲದು.

“ಕಣ್ಣು?”

“ಕಣ್ಣು ಸರಿಯಾಯ್ತು ಮೇಡಂ.” ಅವನು ಎದುರಿನ ಕಿಟಕಿಯ ಚೌಕಟ್ಟನ್ನು ತೋರಿಸಿದ. “ಅದರ ಬಲಗಡೆ ಅಂಚು ಅರ್ಧ ಇಂಚು ಹೊರಗೆ ವಾಲಿದೆ. ಮೊದಲಾಗಿದ್ರೆ ನನ್ನ ಕಣ್ಣೇ ಸೊಟ್ಟ ಅಂದ್ಕೊಳ್ತಿದ್ದೆ. ಕಟ್ಟಿದವನೇ ಸರಿ ಇಲ್ಲ.”

ಠಾಣೆಗೆ ಮರಳಿದ ಮೇಲೆ ದಫೇದಾರ ದೋಷಾರೋಪ ಪಟ್ಟಿಯನ್ನು ಅಂತಿಮಗೊಳಿಸುತ್ತ ಕೂತ. ಸಂಜೆ ನಾಲ್ಕೂವರೆಗೆ ‘ಅಪರಾಧದ ಉದ್ದೇಶ’ ಎಂಬ ಖಾನೆಗೆ ಬಂದು ನಿಂತ.

“ಇಲ್ಲಿ ಏನು ಬರೀಲಿ ಮೇಡಂ? ದುಡ್ಡು ತಗೊಂಡಿಲ್ಲ. ದ್ವೇಷ ಇಲ್ಲ. ಅವರ್‍ಯಾರು ಅಂತಾನೂ ಅವನಿಗೆ ನೆಟ್ಟಗೆ ಗೊತ್ತಿಲ್ಲ.”

“ನಾಚಿಕೆ ಅಂತ ಬರೀರಿ.”

“ನಾಚಿಕೆನಾ?”

“ಎರಡು ಸಾಲು ಬರೆಯೋಕೆ.”

ದಫೇದಾರ ಬರೆದ. ಖಾನೆಯಲ್ಲಿ ಇನ್ನೂ ಬೇಕಾದಷ್ಟು ಜಾಗ ಉಳಿದಿತ್ತು.